ಅಮಾವಾಸ್ಯೆಯ ಉಬ್ಬರ, ಹಗುರ ಗಾಳ, ಕಾಳಾಂಜಿ

ಶುಕ್ರವಾರ

ಅಳಿವೆಯ ದೊಡ್ಡ ಮೀನು ಕಾಳಾಂಜಿಗೆ ಗಾಳ ಹಾಕುವವನು ರಜೆ ಹಾಕುವುದು ಕ್ಯಾಲೆಂಡರಿನ ಕೆಂಪು ಅಂಕಿ ನೋಡಿ ಅಲ್ಲ, ಅಮಾವಾಸ್ಯೆ ನೋಡಿ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಬೆಳಗ್ಗೆ ಐದರ ಹೊತ್ತಿಗೆ ನೀರು ಇಳಿದು ತಳ ಕಂಡಿರುತ್ತದೆ. ಬೆಳಕು ಹರಿಯುವಾಗ ಏರಲು ಶುರು. ಹನ್ನೊಂದರ ಹೊತ್ತಿಗೆ ತುಂಬಿ, ಮತ್ತೆ ಇಳಿದು, ಸಂಜೆ ಐದೂವರೆಗೆ ಪುನಃ ತಳ. ಅಲ್ಲಿಂದ ಕತ್ತಲಾಗುತ್ತಾ ಇನ್ನೊಂದು ಏರು. ಅಂದರೆ ಬಿಸಿಲಿಲ್ಲದ ಎರಡು ಹೊತ್ತಿಗೂ ನೀರು ಓಡುತ್ತಿರುತ್ತದೆ. ಮೇ ತಿಂಗಳಲ್ಲಿ ಇದಕ್ಕಿಂತ ಇನ್ನೇನು ಬೇಕು? ಅಷ್ಟಮಿ, ನವಮಿಗೆ ಹೋದರೆ ನೀರೂ ಸೋಮಾರಿ, ಮೀನೂ ಸೋಮಾರಿ.

ಈ ಸಲ ಅಮಾವಾಸ್ಯೆ ಶನಿವಾರ ಬಿತ್ತು. ಮಂಗಳೂರಿನಿಂದ ಕಾಸರಗೋಡು ಬಸ್ಸು ಹತ್ತಿದೆ. ದೂರ 50 ಕಿಲೋಮೀಟರ್ ಅಷ್ಟೇ, ಆದರೆ ರಾಡಿನ ಉದ್ದ ಟ್ಯೂಬ್ ಹಿಡಿದುಕೊಂಡು ನಿಂತೇ ಹೋಗಬೇಕಾದರೆ ಅದೂ ಜಾಸ್ತಿಯೇ. ತಲಪಾಡಿ ದಾಟುವಾಗ ಕಂಡಕ್ಟರ್ ಕೇಳಿದ: "ಎಂಥದಿದು, ಕರ್ಟನ್ ಪೈಪಾ?" ಗಾಳ ಎಂದೆ. "ಮಂಗಳೂರಲ್ಲಿ ಮೀನು ಸಿಗುದಿಲ್ವಾ?" ಎಂದು ಟಿಕೆಟ್ ಹರಿದು ಕೊಟ್ಟ.

ಕುಂಬಳೆಯಲ್ಲಿ ಭಾವನ ಮನೆ. ಹೆಂಡತಿಯ ಅಣ್ಣ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಸಾಮಾನು ಹರಡಿದೆ. ಭಾವನಿಗೆ ಇದರಲ್ಲಿ ನಂಬಿಕೆ ಕಡಿಮೆ. ಅವರದ್ದು ದಪ್ಪ ತಂಗೂಸು (ನೈಲಾನ್ ದಾರ), ದೊಡ್ಡ ಗಾಳ, ಜೀವಂತ ಸಿಗಡಿ. ನನ್ನದು 7 ಅಡಿಯ ಸಪೂರ ರಾಡ್, 2500 ಸೈಜಿನ ರೀಲ್, 15 ಪೌಂಡ್ ಎಳೆತ ತಾಳುವ ಬ್ರೇಡ್, ಅಂದರೆ ಹೆಣೆದ ದಾರ. ಅದರ ತುದಿಗೆ ಒಂದು ಮಾರು ಉದ್ದ 30 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, ಅಂದರೆ ಉಜ್ಜಿದರೆ ಬೇಗ ಹರಿಯದ ತುದಿ ದಾರ.

"ದಾರಕ್ಕಿಂತ ತುದಿಯೇ ದಪ್ಪವಾ?" ಎಂದು ಭಾವ ನಕ್ಕರು.

ಅದಕ್ಕೆ ಕಾರಣ ಇದೆ. ಕಾಳಾಂಜಿಯ ಬಾಯಲ್ಲಿ ಕೋರೆಹಲ್ಲು ಇಲ್ಲ, ಒಳಗೆಲ್ಲ ಮರಳು ಕಾಗದದ ಒರಟು. ಆದರೆ ಕಿವಿರಿನ ಮುಚ್ಚಳದ ಅಂಚು ಬ್ಲೇಡು. ಮೀನು ಹಾರಿ ತಲೆ ಕೊಡವಿದಾಗ ದಾರ ಆ ಅಂಚಿಗೆ ಸಿಕ್ಕಿದರೆ ಮುಗಿಯಿತು. ಬ್ರೇಡ್ ಎಳೆತಕ್ಕೆ ಗಟ್ಟಿ, ಉಜ್ಜುವುದಕ್ಕೆ ಏನೂ ಇಲ್ಲ. ಹಾಗಾಗಿ ಉಜ್ಜುವ ಕಡೆಗೆ ದಪ್ಪದ್ದು, ಎಸೆಯುವ ಕಡೆಗೆ ಸಪೂರದ್ದು.

ಮತ್ತೆ ಇಡೀ ದಾರವನ್ನೇ ದಪ್ಪ ಹಾಕಬಾರದಾ? ಹಾಕಬಹುದು. ಆದರೆ ಬೇಸಿಗೆಯಲ್ಲಿ ಹೊಳೆಯ ನೀರು ತಿಳಿ, ದಪ್ಪ ದಾರ ಮೀನಿಗೆ ಕಾಣುತ್ತದೆ. ಮಳೆ ಇಲ್ಲ, ಮಣ್ಣು ತಳಕ್ಕೆ ಕೂತಿರುತ್ತದೆ. ಬೆರಳುದ್ದದ ಮಾಲ ಮೀನಿನ ಮರಿ, ಸಣ್ಣ ಸಿಗಡಿ, ಇಂಥದ್ದನ್ನೇ ದೊಡ್ಡ ಮೀನೂ ತಿನ್ನುತ್ತಿರುತ್ತದೆ. ಅವುಗಳ ಹಾಗೆ ಕಾಣುವ ಲೂರ್, ಅಂದರೆ 10 ಗ್ರಾಮಿನ ನಕಲಿ ರಬ್ಬರ್ ಮೀನನ್ನು ದಪ್ಪ ದಾರದಲ್ಲಿ ಎಸೆದರೆ ದೋಣಿಯ ಪಕ್ಕದಲ್ಲೇ ಬೀಳುತ್ತದೆ. ಯೂಟ್ಯೂಬಲ್ಲಿ ಅಮೆರಿಕದವರು ಬಾಸ್ ಹಿಡಿಯುವುದನ್ನು ನೋಡಿ ನಮ್ಮ ಹುಡುಗರು ಈ ಹಗುರ ಸಾಮಾನು ತರಿಸಿದ್ದು. ಅಲ್ಲಿಯ ಲಾರ್ಜ್‌ಮೌತ್ ಬಾಸ್ ಸಿಹಿನೀರಿನ ಮೀನು, ಜಾತಿಯೇ ಬೇರೆ. ನಮ್ಮದು ಸೀ ಬಾಸ್, ಆಸ್ಟ್ರೇಲಿಯಾದವರ ಬಾರಾಮುಂಡಿ. ಬುದ್ಧಿ ಮಾತ್ರ ಎರಡಕ್ಕೂ ಒಂದೇ. ಬೆನ್ನಟ್ಟಿ ತಿನ್ನುವ ಅಭ್ಯಾಸ ಇಲ್ಲ. ನೆರಳಲ್ಲಿ ಅಡಗಿ ಕೂತು, ಹರಿವು ತಂದು ಕೊಟ್ಟದ್ದನ್ನು ಬಾಯಿ ಕಳೆದು ಒಳಗೆಳೆದುಕೊಳ್ಳುವುದು.

ಶನಿವಾರ

ಶಿರಿಯ ಹೊಳೆಯ ಅಳಿವೆ ಬಾಗಿಲು. ಬೆಳಗ್ಗೆ ಐದಕ್ಕೇ ಮರಳ ದಿಬ್ಬದ ಮೇಲೆ ನಿಂತಿದ್ದೆವು. ಇಲ್ಲಿ ಹೊಳೆ ನೆಟ್ಟಗೆ ಸಮುದ್ರ ಸೇರುವುದಿಲ್ಲ, ಮರಳ ನಾಲಗೆಯ ಒಳಬದಿಗೆ ಸ್ವಲ್ಪ ದೂರ ಸಮುದ್ರದ ಪಕ್ಕದಲ್ಲೇ ಹರಿದು ಆಮೇಲೆ ಬಾಗಿಲು ಹುಡುಕಿಕೊಳ್ಳುತ್ತದೆ.

ಏರು ನೀರಿಗೆ ಕೊಕ್ಕರ್ ಮೀನಿನ ಮರಿಗಳು ಬಂದವು, ಒಂದರ ಹಿಂದೆ ಒಂದು. ಅಂಗೈ ಅಗಲ. ಹಗುರ ರಾಡಿನಲ್ಲಿ ಅವೂ ಮಜವೇ. ಕಾಣೆ ಒಂದೆರಡು. ಕಾಳಾಂಜಿಯ ಸುದ್ದಿ ಇಲ್ಲ. ಒಂಬತ್ತಕ್ಕೆ ಬಿಸಿಲು ನೆತ್ತಿಗೆ ಹತ್ತಿತು, ವಾಪಸ್ಸು.

ಕುಂಬಳೆ ಪೇಟೆಯಲ್ಲಿ ಒಂದು ಲೋಟ ಪುನರ್ಪುಳಿ ಶರಬತ್ತು. ಬೋರ್ಡುಗಳಲ್ಲಿ ಕನ್ನಡ, ಮಲಯಾಳ ಅಕ್ಕಪಕ್ಕ. ಅಂಗಡಿಯವನು ಒಬ್ಬರಿಗೆ ತುಳುವಿನಲ್ಲಿ ಚಿಲ್ಲರೆ ಕೇಳಿ, ಮತ್ತೊಬ್ಬರಿಗೆ ಮಲಯಾಳದಲ್ಲಿ ಇಲ್ಲ ಅಂದು, ನಮ್ಮ ಹತ್ತಿರ ಕನ್ನಡದಲ್ಲಿ ಮಳೆ ಯಾವಾಗ ಅಂತ ವಿಚಾರಿಸಿದ. ಯಕ್ಷಗಾನದ ಪಾರ್ತಿಸುಬ್ಬನ ಊರು ಇದು. ಸಂಜೆ ಪುನಃ ಅಳಿವೆಗೆ ಹೋಗುವ ಯೋಚನೆ ಇತ್ತು, ಗಾಳಿ ಬಿಡಲಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದರೆ ಬಯಲು ಅಳಿವೆಯಲ್ಲಿ ಹಗುರ ಲೂರ್ ಎಸೆಯುವುದು ಸುಮ್ನೆ ಹೊತ್ತು ಹಾಳು. ಭಾವ ಹೇಳಿದರು, "ನಾಳೆ ಚಂದ್ರಗಿರಿಗೆ ಹೋಗುವ. ಅಲ್ಲಿ ದಡ ಎತ್ತರ, ಗಾಳಿ ಕಡಿಮೆ."

ಭಾನುವಾರ

ತಳಂಗರೆ ಬದಿಯಲ್ಲಿ ದೋಣಿ ಕಾದಿತ್ತು. ದೋಣಿಯವರಿಗೆ ಅರುವತ್ತು ದಾಟಿದೆ, ಊರವರೆಲ್ಲ ಇಚ್ಚ ಎನ್ನುತ್ತಾರೆ, ನಾವೂ ಅದನ್ನೇ ಅಂದೆವು. ತಲೆಗೆ ಬಿಳಿ ಟೊಪ್ಪಿ, ಮಡಚಿ ಕಟ್ಟಿದ ಮುಂಡು. ಮೋಟರ್ ಇದೆ, ಆದರೆ ಮೀನಿನ ಜಾಗಕ್ಕೆ ನೂರು ಮೀಟರ್ ಇರುವಾಗಲೇ ಅದನ್ನು ಬಂದ್ ಮಾಡಿ ಬಿದಿರ ಕೋಲು ಎತ್ತಿಕೊಳ್ಳುತ್ತಾರೆ. ಅಷ್ಟು ನೋಡಿದ್ದೇ ನನಗೆ ಇವರ ಮೇಲೆ ಗೌರವ ಬಂತು.

ಬೆಳಗಿನ ಏರಿನಲ್ಲಿ ಕೆಸರು ದಂಡೆಗಳ ಅಂಚಿಗೆ ಎಸೆದೆವು. ಮಾಲ ಮೀನುಗಳು ಗುಂಪು ಗುಂಪಾಗಿ ದಂಡೆ ಹತ್ತುತ್ತಿದ್ದವು. ಒಂದು ಸಲ ಗುಂಪಿನ ಹಿಂದೆ ನೀರು ಉಬ್ಬಿತು, ಅಷ್ಟೇ. ಹತ್ತು ಗಂಟೆಗೆ ಇಚ್ಚ ದೋಣಿ ದಡಕ್ಕೆ ತಿರುಗಿಸಿದರು. "ಇನ್ನು ಮೀನಿಗೂ ನಿದ್ದೆ, ನಮಗೂ ನಿದ್ದೆ. ನಾಲ್ಕಕ್ಕೆ ಬನ್ನಿ."

ನಿದ್ದೆ ಬಾರದೆ ನಾನು ಚಂದ್ರಗಿರಿ ಕೋಟೆ ಹತ್ತಿದೆ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಕೆಂಪು ಮುರಕಲ್ಲಿನ ಗೋಡೆ ಬಿಸಿಲಿಗೆ ಕಾದು ಕೈ ಇಡುವ ಹಾಗಿಲ್ಲ. ಹಿಂದಿನವರು ತುಳುನಾಡಿನ ಗಡಿ ಅಂತ ಎಣಿಸುತ್ತಿದ್ದದ್ದು ಇದೇ ಹೊಳೆಯನ್ನು. ಅದನ್ನು ಕಾಯಲಿಕ್ಕೆ ಇಷ್ಟು ಎತ್ತರದಲ್ಲಿ ಕೋಟೆ. ನನಗೆ ಬೇಕಾಗಿದ್ದದ್ದೂ ಆ ಎತ್ತರವೇ. ಪೋಲರೈಸ್ಡ್ ಕನ್ನಡಕ ಹಾಕಿ ಮೇಲಿನಿಂದ ನೋಡಿದರೆ ಹೊಳೆಯ ನಕ್ಷೆ ಬಿಡಿಸಿಟ್ಟಿದೆ. ತಿಳಿ ಹಸಿರು ಅಂದರೆ ಮರಳು, ಕಡು ಹಸಿರು ಅಂದರೆ ಆಳ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಒಳಗಿನಿಂದ ಒಂದು ತೋಡು ಬಂದು ಹೊಳೆಗೆ ಸೇರುವಲ್ಲಿ ಕಡು ಬಣ್ಣದ ಒಂದು ಬಾಲ ಕಾಣುತ್ತಿತ್ತು. ತೋಡಿನ ನೀರು ಕೊರೆದ ಗುಂಡಿ. ಫೋಟೊ ತೆಗೆದುಕೊಂಡು ಇಳಿದೆ.

ನಾಲ್ಕು ಗಂಟೆಗೆ ಆ ಫೋಟೊ ತೋರಿಸಿದಾಗ ಇಚ್ಚ ನೋಡಿ ತಲೆ ಆಡಿಸಿದರು. "ಅಲ್ಲಿಗೇ ಹೋಗುದು ನಾನು. ನನಗೆ ಫೋಟೊ ಬೇಡ."

ಇಳಿತದ ಕೊನೆಯ ಒಂದು ಗಂಟೆ. ಕಾಂಡ್ಲಾ ಬೇರುಗಳ ನಡುವೆ ಇದ್ದ ಸಣ್ಣ ಮೀನು, ಸಿಗಡಿ ಎಲ್ಲ ನೀರಿನ ಜೊತೆ ತೋಡಿನ ಬಾಯಿಗೆ ಬರಲೇಬೇಕು. ಬೇರೆ ದಾರಿ ಇಲ್ಲ. ಕಾಳಾಂಜಿ ಆ ಬಾಯಿಯ ಹೊರಗೆ, ಓಡುವ ನೀರಿಗೂ ನಿಂತ ನೀರಿಗೂ ನಡುವಿನ ಗೆರೆಯಲ್ಲಿ ಕಾಯುತ್ತದೆ. ಮೂರೂವರೆ ಇಂಚಿನ ಬಿಳಿ ರಬ್ಬರ್ ಮೀನು, 7 ಗ್ರಾಮಿನ ಜಿಗ್ ಹೆಡ್, ಅಂದರೆ ತಲೆಗೆ ಭಾರ ಇರುವ ಕೊಕ್ಕೆ. ತೋಡಿನ ಒಳಗೆ ಎಸೆದು, ನೀರೇ ಅದನ್ನು ಹೊರಗೆ ತರಲು ಬಿಟ್ಟು, ದಾರದ ಸಡಿಲ ಮಾತ್ರ ಸುತ್ತಿಕೊಳ್ಳುವುದು. ಜಾಸ್ತಿ ಆಡಿಸಬಾರದು. ಹರಿವಿನಲ್ಲಿ ಬರುವ ಮರಿ ಮೀನು ಕುಣಿಯುತ್ತಾ ಬರುವುದಿಲ್ಲ, ಅಲ್ವಾ?

ಗೆರೆ ದಾಟುವಲ್ಲಿ ದಾರ ಒಮ್ಮೆ ನಿಂತಿತು. ತೆಂಗಿನಕಾಯಿ ನೀರಿಗೆ ಬಿದ್ದ ಹಾಗೆ "ಡಬ್" ಅಂತ ಸದ್ದು. ಮರುಕ್ಷಣ ಬೆಳ್ಳಿ ಬಣ್ಣದ ಮೀನು ಪೂರ್ತಿ ನೀರಿನಿಂದ ಹೊರಗೆ. ರಾಡಿನ ತುದಿ ತಗ್ಗಿಸಿದೆ. ಹಾರುವಾಗ ದಾರ ಬಿಗಿ ಇದ್ದರೆ ಲೂರ್ ಕಿತ್ತು ಬರುತ್ತದೆ. ಎರಡು ಹಾರಾಟ, ಒಂದು ಓಟ, ಆಮೇಲೆ ಬಗಲಿಗೆ ಬಂತು. 55 ಸೆಂಟಿಮೀಟರ್. ಮೂತಿಯಿಂದ ಬೆನ್ನಿಗೆ ಹೋಗುವ ಆ ತಗ್ಗು ಇಳಿಜಾರು, ದುಂಡು ಬಾಲ, ಹೊಂಬಣ್ಣದ ಕಣ್ಣು. ಅದೇ ಗೆರೆಯಲ್ಲಿ ಇನ್ನೂ ಸಣ್ಣದೊಂದು ಸಿಕ್ಕಿತು. ನೀರು ನಿಂತಿತು, ಮೀನೂ ನಿಂತಿತು. ದೋಣಿಯಲ್ಲಿ ಕಟ್ಟನ್ ಚಾಯ.

ಅಸಲು ವಿಷಯ ನಡೆದದ್ದು ರಾತ್ರಿ.

ಪುಲಿಕ್ಕುನ್ನಿನಿಂದ ಚೆಮ್ನಾಡಿಗೆ ಹೋಗುವ ಸೇತುವೆ. ಅಮಾವಾಸ್ಯೆಯ ಮರುದಿನದ ಕತ್ತಲು, ಮೇಲೆ ಸೇತುವೆಯ ದೀಪ. ದೀಪದ ಬೆಳಕು ಎರಡೂ ಬದಿ ನೀರಿನ ಮೇಲೆ ಬಿದ್ದು, ಸೇತುವೆಯ ಅಡಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಬೆಳಕಿಗೂ ಕತ್ತಲಿಗೂ ನಡುವೆ ಚಾಕು ಹಾಕಿ ಕೊಯ್ದಷ್ಟು ನೇರ ಗೆರೆ. ಕಾಳಾಂಜಿ ಕತ್ತಲಿನ ಒಳಗೆ, ಗೆರೆಗೆ ಮೂತಿ ತಾಗಿಸಿ ನಿಲ್ಲುತ್ತದೆ. ಬೆಳಕಿನಲ್ಲಿ ತೇಲಿ ಬರುವ ಮರಿ ಮೀನಿಗೆ ಒಳಗಿನದು ಕಾಣದು, ಒಳಗಿನದಕ್ಕೆ ಎಲ್ಲವೂ ಕಾಣುತ್ತದೆ. ಏರು ನೀರು ಸಮುದ್ರದ ಕಡೆಯಿಂದ ಬರುವುದರಿಂದ ಮೀನುಗಳ ಮುಖ ಆಗ ಪಡುವಣಕ್ಕೆ. ಇಳಿತಕ್ಕೆ ಹೋದರೆ ಇವೇ ಮೀನುಗಳು ಸೇತುವೆಯ ಮೂಡು ಬದಿಗೆ ಬಂದು ತಿರುಗಿ ನಿಂತಿರುತ್ತವೆ.

ಇಚ್ಚ ಟಾರ್ಚನ್ನು ಒಮ್ಮೆ ಮಾತ್ರ ಹಾಯಿಸಿದರು. ಕಂಬದ ಪಕ್ಕ ನೀರಿನೊಳಗೆ ಕೆಂಡದ ಬಣ್ಣದ ಕಣ್ಣುಗಳು. ಒಂದು ಜೊತೆಯ ನಡುವಿನ ಅಂತರ ಉಳಿದವಕ್ಕಿಂತ ಜಾಸ್ತಿ ಇತ್ತು. ಟಾರ್ಚ್ ಆರಿಸಿದರು. ಯಾರೂ ಮಾತಾಡಲಿಲ್ಲ.

ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಡುವ ಬ್ರೇಕನ್ನು ಮನೆಯಲ್ಲೇ ತೂಕದ ಕೊಕ್ಕೆ ಹಾಕಿ ಒಂದೂವರೆ ಕಿಲೋ ಎಳೆತಕ್ಕೆ ಬಿಡುವ ಹಾಗೆ ಇಟ್ಟಿದ್ದೆ. 15 ಪೌಂಡ್ ದಾರ ಅಂದರೆ ಹೆಚ್ಚುಕಡಿಮೆ 7 ಕಿಲೋ. ಅದರ ಕಾಲು ಭಾಗಕ್ಕಿಂತ ಬಿಗಿ ಮಾಡಿದರೆ ಗಂಟು ಉಳಿಯುವುದಿಲ್ಲ. ಸಣ್ಣ ಮಿನ್ನೋ ಲೂರನ್ನು ಬೆಳಕಿನಲ್ಲಿ ಎಸೆದು ನಿಧಾನ ಕತ್ತಲಿಗೆ ಬಿಟ್ಟೆ. ಗೆರೆ ದಾಟಿದ ಕೂಡಲೇ ಡಬ್.

ಇದು ಹಾರಲಿಲ್ಲ. ಸೀದಾ ಕಂಬಕ್ಕೆ ಓಡಿತು. ಕಂಬದ ಮೈ ತುಂಬ ಮುರು ಚಿಪ್ಪು, ಬ್ರೇಡಿಗೆ ಒಂದು ಉಜ್ಜು ಸಾಕು. ನಾನು ಸ್ಪೂಲಿಗೆ ಬೆರಳು ಒತ್ತಿ ತಡೆಯುವ ಹೊತ್ತಿಗೆ ಇಚ್ಚ ಆಗಲೇ ಕೋಲು ಊರಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಸೇತುವೆಯಿಂದ ದೂರ, ಬಯಲು ನೀರಿಗೆ. ಎಳೆತದ ದಿಕ್ಕು ಬದಲಾದದ್ದೇ ಮೀನೂ ಹೊರಳಿತು, ನಮ್ಮ ಹಿಂದೆಯೇ ಮರಳಿನ ಬಯಲಿಗೆ ಬಂತು. ಹಗುರ ಗಾಳದಲ್ಲಿ ದೊಡ್ಡ ಮೀನನ್ನು ಎಳೆಯುವುದು ಕೈ ಅಲ್ಲ, ದೋಣಿ. ಬಯಲಿಗೆ ಬಂದ ಮೇಲೆ ಅದರ ಎಷ್ಟು ಓಟಕ್ಕೂ ದಾರ ಇದೆ. ಭಾವ ನೆಟ್ ಹಿಡಿದು ನಿಂತಿದ್ದರು. "ಬಿಡಿ ಭಾವ, ಓಡಲಿ ಬಿಡಿ," ಎಂದು ಹೇಳುತ್ತಿದ್ದವರು ದಪ್ಪ ತಂಗೂಸಿನ ಅದೇ ಭಾವ.

86 ಸೆಂಟಿಮೀಟರ್. ಎರಡೂ ಕೈಗೆ ಭಾರ. ದವಡೆಗೆ ಹೆಬ್ಬೆರಳು, ಹೊಟ್ಟೆಯ ಅಡಿಗೆ ಇನ್ನೊಂದು ಕೈ. ಇಷ್ಟು ದೊಡ್ಡ ಮೀನನ್ನು ದವಡೆಯಲ್ಲಿ ನೇತಾಡಿಸಿ ಫೋಟೊ ತೆಗೆಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಬೆನ್ನೆಲುಬಿನ ಕೀಲು ಜಾರುತ್ತದೆ. ಅಳತೆ ಮಾಡಿ, ಒಂದೇ ಫೋಟೊ, ಮತ್ತೆ ನೀರಿಗೆ. ಮೇ ತಿಂಗಳ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ದಣಿದ ಮೀನು ಸುಧಾರಿಸಲು ಹೊತ್ತು ಬೇಕು. ತಲೆಯನ್ನು ಹರಿವಿಗೆ ಎದುರು ಹಿಡಿದುಕೊಂಡೆ. ಕಿವಿರು ಮೊದಲು ಅಡ್ಡಾದಿಡ್ಡಿ, ಆಮೇಲೆ ಒಂದೇ ಲಯಕ್ಕೆ ಬಂತು. ಬಾಲ ಬೀಸಿ ನನ್ನ ಮುಖಕ್ಕೆ ನೀರು ಹಾರಿಸಿ ಹೋಯಿತು.

ಇಚ್ಚ ಕೋಲು ಹಿಡಿದು ಹಾಗೇ ನಿಂತಿದ್ದರು. "ಬಿಟ್ಟದ್ದಾ?"

"ಬಿಟ್ಟೆ ಇಚ್ಚ."

"ಮಾರ್ಕೆಟಿನಲ್ಲಿ ಕಿಲೋಗೆ 500 ರೂಪಾಯಿ ದಾಟಿದ ಮೀನು ಮೋನೇ ಅದು!"

ಹೇಳಿದೆ. ಕಾಳಾಂಜಿ ಹುಟ್ಟಿ ಬೆಳೆದು ಮೊದಲು ಗಂಡಾಗುತ್ತದೆ. ಕೆಲವು ವರ್ಷ ಗಂಡಾಗಿಯೇ ಇದ್ದು, ದೊಡ್ಡದಾದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ಸಂಜೆ ಸಿಕ್ಕಿದ ಸೈಜಿನವು ಹೆಚ್ಚುಕಡಿಮೆ ಎಲ್ಲ ಗಂಡು, ಇಷ್ಟು ದೊಡ್ಡದು ಹೆಣ್ಣಾಗಿರುವ ಸಾಧ್ಯತೆಯೇ ಜಾಸ್ತಿ. ಮಳೆ ಹಿಡಿಯುವ ಹೊತ್ತಿಗೆ ಅಳಿವೆ ಬಾಗಿಲಿಗೆ ಇಳಿದು ಹತ್ತಾರು ಲಕ್ಷ ಮೊಟ್ಟೆ ಇಡುವುದು ಇಂಥವೇ. ದೊಡ್ಡದನ್ನೆಲ್ಲ ಹಿಡಿದು ತಿಂದರೆ ಹೊಳೆಯಲ್ಲಿ ಉಳಿಯುವುದು ಬರೀ ಗಂಡುಗಳು.

ಇಚ್ಚ ಸ್ವಲ್ಪ ಹೊತ್ತು ಯೋಚಿಸಿದರು. "ಗಂಡು ಹೆಣ್ಣಾಗುದಾ? ಇದು ನನ್ನ ಉಪ್ಪನಿಗೂ ಗೊತ್ತಿರಲಿಲ್ಲ." ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಮೋಟರ್ ಸ್ಟಾರ್ಟ್ ಮಾಡುವಾಗ, ದೊಡ್ಡ ಕಾಳಾಂಜಿಯ ಹೊಟ್ಟೆ ಸೀಳಿದರೆ ಯಾವಾಗಲೂ ಮೊಟ್ಟೆಯೇ ಸಿಗುವುದು, ಸಣ್ಣದರಲ್ಲಿ ಮೊಟ್ಟೆ ಕಂಡದ್ದಿಲ್ಲ ಎಂದು ತಾವೇ ಹೇಳಿದರು.

ಸೋಮವಾರ

ಬೆಳಗ್ಗೆ ಏರು ನೀರಿನ ಜೊತೆ ಮೇಲಕ್ಕೆ, ತೆಕ್ಕಿಲ್ ಕಡೆಗೆ. ಬೇಸಿಗೆ ಅಂದರೆ ಚಂದ್ರಗಿರಿಯಲ್ಲಿ ಉಪ್ಪು ಹತ್ತುವ ಕಾಲ. ಪಯಸ್ವಿನಿಯಿಂದ ಬರುವ ಸಿಹಿನೀರು ಸೊರಗಿದಷ್ಟೂ ಸಮುದ್ರ ಒಳಗೆ ಬರುತ್ತದೆ. ಮೊದಲೆಲ್ಲ ಬಾವಿಕ್ಕರೆಯವರೆಗೂ ಹತ್ತುತ್ತಿತ್ತು. ಕಾಸರಗೋಡು ಪೇಟೆಗೆ ಕುಡಿಯುವ ನೀರು ಪಂಪ್ ಮಾಡುವುದು ಅಲ್ಲಿಂದ, ಹಾಗಾಗಿ ಬೇಸಿಗೆಯಲ್ಲಿ ನಲ್ಲಿಯಲ್ಲಿ ಬರುತ್ತಿದ್ದದ್ದು ಉಪ್ಪುನೀರೇ. ವರ್ಷ ವರ್ಷ ಮರಳು ಚೀಲದ ಕಟ್ಟ ಕಟ್ಟುವುದು, ಅದು ಕೊಚ್ಚಿ ಹೋಗುವುದು. ಭಾವ ಸಣ್ಣವರಿದ್ದಾಗ ಪೇಟೆಯ ನೆಂಟರ ಮನೆಯಲ್ಲಿ ಕುಡಿದ ಚಹಾದ ರುಚಿಯನ್ನು ಇನ್ನೂ ಬೈಯುತ್ತಾರೆ. ಈಗ ಅಲ್ಲಿ ಶಾಶ್ವತ ರೆಗ್ಯುಲೇಟರ್ (ಬಾಗಿಲುಗಳಿರುವ ಕಟ್ಟ) ಆಗಿದೆ, ಉಪ್ಪು ಅದರ ಕೆಳಗೇ ನಿಲ್ಲುತ್ತದೆ. ಉಪ್ಪಿನ ಹಿಂದೆ ಸಿಗಡಿ, ಮಾಲ. ಅವುಗಳ ಹಿಂದೆ ಕಾಳಾಂಜಿ. ಅದಕ್ಕೆ ಸಿಹಿನೀರೂ ಆಗುತ್ತದೆ, ಉಪ್ಪೂ ಆಗುತ್ತದೆ. ಊಟ ಇರುವ ಕಡೆ ಇರುತ್ತದೆ, ಅಷ್ಟೆ.

ದಡದ ಮರ ಬಾಗಿ ನೀರಿಗೆ ಬಿದ್ದ ಜಾಗದಲ್ಲಿ ಮೊದಲ ಎಸೆತಕ್ಕೇ ಹೊಡೆತ ಬಿತ್ತು. ಇದು ಕಾಳಾಂಜಿಯ ಡಬ್ ಅಲ್ಲ, ಬರೀ ಜಗ್ಗು. ಎರಡು ಸೆಕೆಂಡ್, ದಾರ ಸಡಿಲ. ಲೀಡರ್ ತುದಿ ಒರಟಾಗಿ ಹರಿದಿತ್ತು. ಚೆಂಪಲ್ಲಿ ಎಂದರು ಇಚ್ಚ, ಬೇರುಗಳ ನಡುವೆ ಇರುವ ಕೆಂಪು ಮೀನು. ಅದು ಹಿಡಿದು ಓಡುವುದಿಲ್ಲ, ಹಿಡಿದು ಮನೆಗೆ ಹೋಗುತ್ತದೆ, ಮನೆ ಬೇರಿನೊಳಗೆ. ಹಗುರ ಗಾಳಕ್ಕೆ ಇದು ಜಾಗವೇ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಮರದ ಬುಡಕ್ಕೆ 15 ಪೌಂಡ್ ದಾರ ಎಸೆದರೆ ಮೀನಿನ ಬಾಯಲ್ಲಿ ಕಬ್ಬಿಣ ಬಿಟ್ಟು ಬರುವುದೇ ಆಗುತ್ತದೆ. ಕೊಕ್ಕೆಯ ಮುಳ್ಳನ್ನು ನಾನು ಯಾವಾಗಲೂ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತೇನೆ, ಅದು ಕಳಚಿಕೊಳ್ಳಬಹುದು. ಆದರೂ. ಅಲ್ಲಿಗೆ ಹೋಗುವುದಾದರೆ ಭಾವನ ತಂಗೂಸೇ ಸರಿ.

ಅವರು ಅದನ್ನೇ ಕಾಯುತ್ತಿದ್ದರು. ಜೀವಂತ ಸಿಗಡಿ ಚುಚ್ಚಿ ಅದೇ ಬುಡಕ್ಕೆ ಇಳಿಸಿ, ಕೈಗೆ ಬಟ್ಟೆ ಸುತ್ತಿಕೊಂಡು, ಕೆಂಪು ಚೆಂಪಲ್ಲಿಯೊಂದನ್ನು ಒಂದೇ ಎಳೆತಕ್ಕೆ ದೋಣಿಗೆ ಹಾಕಿದರು. ಕಲೆ ಗಿಲೆ ಏನಿಲ್ಲ. ಆದರೆ ಮೀನು ದೋಣಿಯಲ್ಲಿತ್ತು.

ನಾನು ಬಯಲು ಕಡೆಗೆ ತಿರುಗಿ, ನೀರು ತಿರುವು ತೆಗೆದುಕೊಳ್ಳುವಲ್ಲಿ ಇನ್ನೊಂದು ಕಾಳಾಂಜಿ ಹಿಡಿದೆ. ಎರಡು ಕಿಲೋದ ಒಳಗಿನದು. ಇದನ್ನು ಬಿಡಲಿಲ್ಲ. ತಲೆ, ಬಾಲದ ಭಾಗ ಇಚ್ಚನ ಮನೆಗೆ ಹೋಯಿತು. ತಲೆ ಅವರೇ ಕೇಳಿ ತೆಗೆದುಕೊಂಡದ್ದು. ನಡುವಿನ ತುಂಡುಗಳು ಅತ್ತೆಯ ಕೈಗೆ. ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ದೊಡ್ಡ ದೊಡ್ಡ ಪದರಾಗಿ ಬಿಡುವ ಬಿಳಿ ಮಾಂಸ, ಮುಳ್ಳಿನ ಕಾಟ ಇಲ್ಲ. ಗಟ್ಟಿ ಮಸಾಲೆ ಹಾಕಿ ಇದರ ರುಚಿ ಮುಚ್ಚಬಾರದು ಎನ್ನುವವರಿದ್ದಾರೆ. ಅವರು ಅತ್ತೆಯ ಪುಳಿಮುಂಚಿ ತಿಂದಿಲ್ಲ.

ರೀಲನ್ನು ಸಿಹಿನೀರಿನಲ್ಲಿ ತೊಳೆದು ಒಣಗಲು ಇಡುವಾಗ ಭಾವ ಶುರು ಮಾಡಿದರು. "ಜೂನಿಗೆ ಬನ್ನಿ. ಮೊದಲ ಮಳೆಗೆ ಹೊಳೆ ಕೆಂಪಾಗಿ ಇಳಿಯುವಾಗ ಅಳಿವೆಯಲ್ಲಿ ದೊಡ್ಡ ದೊಡ್ಡದು ಸಿಗುತ್ತದೆ. ಇದೆಲ್ಲ ಏನೂ ಅಲ್ಲ."

"ಆಗಲೇ ಬರುವುದಿಲ್ಲ. ಮೊಟ್ಟೆ ಇಡಲು ಬಂದವು ಅವು."

"ನೀವು ಬಾರದಿದ್ದರೆ ಬಲೆಯವರು ಬಿಡುತ್ತಾರಾ?"

"ಬಲೆಯವರಿಗೆ ಅದು ಹೊಟ್ಟೆಪಾಡು ಭಾವ. ನಾನು ಬರುವುದು ಮೋಜಿಗೆ."

"ಹಾಗಾದರೆ ಆ ರಾಡ್ ಇಲ್ಲೇ ಬಿಟ್ಟು ಹೋಗಿ," ಎಂದರು ಭಾವ. "ನಾನು ಸಣ್ಣದಕ್ಕೆ ಮಾತ್ರ ಹಾಕುತ್ತೇನೆ."

ರಾಡ್ ಬಿಟ್ಟು ಬಂದೆ. ರೀಲ್ ತಂದೆ.